ಗಡ್ಡ ಬಿಟ್ಟ ಗಂಡಂದಿರ ವರ್ಷ

ಕಳೆದ ವಾರ ಪಿಂಚಣಿಯ ಕಾಗದಕ್ಕೆ ಒಂದು ಸಹಿ ಬೇಕಾಗಿ ಚಿಪ್ಪಗಿರಿ ಕಡೆ ಹೋಗಬೇಕಾಯಿತು. ಆಲೂರಿನಲ್ಲಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಿದ್ದೆ. ಹೊರಗೆ ಬಿತ್ತನೆಗೂ ಸಾಲದ, ಬಟ್ಟೆ ಒಣಗಲೂ ಬಿಡದ ಜಿಟಿಜಿಟಿ ಮಳೆ. ತೊಡೆಯ ಮೇಲಿನ ಚೀಲದಲ್ಲಿ ಕಾಗದಪತ್ರಗಳ ಜೊತೆಗೆ ಅರ್ಧ ಕಿಲೋ ಖರ್ಜೂರ ಇತ್ತು. ಆದೋನಿಯ ಬಜಾರಿನಲ್ಲಿ ಕೊಂಡಿದ್ದೆ. ಯಾರಿಗೆ ಎಂದು ನನಗೆ ನಾನೇ ಹೇಳಿಕೊಂಡಿರಲಿಲ್ಲ.

ಮುಂದಿನ ಸ್ಟಾಪಿನಲ್ಲಿ ಒಬ್ಬ ಕುರಿಗಾರ ಹತ್ತಿ ನನ್ನ ಪಕ್ಕದಲ್ಲೇ ನಿಂತ. ಹೆಗಲ ಮೇಲೆ ನೆನೆದ ಕಂಬಳಿ. ಎದುರು ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನನಗೆ ಮಾತ್ರ ಆ ಒದ್ದೆ ಉಣ್ಣೆಯ ವಾಸನೆ ಹಳೆಯ ಗುರುತಿನದು. ಇದೇ ವಾಸನೆಯ ಪಕ್ಕದಲ್ಲಿ ಕೂತು ನಾನು ನಾಗಲದಿನ್ನೆಯಿಂದ ಆದೋನಿಯವರೆಗೆ ಬಂದಿದ್ದೆ. ಅದು ನಾನು ಈ ಬಸ್ಸಿನ ದಾರಿಯಲ್ಲೇ ಸಿಗುವ ಒಂದು ಹಳ್ಳಿಯಲ್ಲಿ ನರ್ಸಾಗಿದ್ದ ಕೊನೆಯ ವರ್ಷ. ಬಸುರಿಯರಿಗೆ ಮಾತ್ರ ಇದ್ದ ಕಾರ್ಡು ಅವರ ಗಂಡಂದಿರಿಗೂ ಬಂದ ವರ್ಷ.

ಚಿಪ್ಪಗಿರಿ ಮಂಡಲದ, ಕನ್ನಡ ತೆಲುಗು ಎರಡೂ ನಡೆಯುವ ಸಣ್ಣ ಊರು ಅದು. ಕರಿಮಣ್ಣು, ಹತ್ತಿ, ಶೇಂಗಾ, ಒಂದು ಓಣಿಯ ತುಂಬ ಕುರಿಗಾರರ ಮನೆಗಳು. ತಿಂಗಳಿಗೊಮ್ಮೆ ನಮ್ಮ ಉಪಕೇಂದ್ರದಲ್ಲಿ ಬಸುರಿಯರ ತಪಾಸಣೆ. ತೂಕ ನೋಡಿ, ಬಿ.ಪಿ. ನೋಡಿ, ಬೆರಳು ಚುಚ್ಚಿ ರಕ್ತ ನೋಡಿ, ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುವುದು. ಆ ವರ್ಷ ಮಳೆಗಾಲದ ಹೊತ್ತಿಗೆ ಮೇಲಿನಿಂದ ಹೊಸ ಕಾರ್ಯಕ್ರಮ ಬಂತು. ಗಂಡನೂ ಹೆಂಡತಿಯ ಜೊತೆ ಬರಬೇಕು, ಅರ್ಧ ಗಂಟೆ ಕೂತು ನಾವು ಹೇಳುವುದನ್ನು ಕೇಳಬೇಕು. ಬಂದರೆ ಅವನ ಹಸಿರು ಕಾರ್ಡಿಗೆ ಮುದ್ರೆ. ಮುದ್ರೆ ಬಿದ್ದರೆ ಮನೆಗೆ ಹೆಚ್ಚಿನ ಒಂದು ಪ್ಯಾಕೆಟ್ಟು. ಅದರಲ್ಲಿ ಖರ್ಜೂರ, ಶೇಂಗಾ ಚಿಕ್ಕಿ, ರಾಗಿ ಹಿಟ್ಟು, ಬೆಲ್ಲ.

ನನಗೆ ಈ ಕಾರ್ಯಕ್ರಮ ಬಹಳ ಇಷ್ಟವಾಯಿತು. ಇಪ್ಪತ್ತು ವರ್ಷ ಗಂಡಸರ ಮೇಲೆ ಒಳಗೊಳಗೇ ಸಿಟ್ಟು ಇಟ್ಟುಕೊಂಡು ದುಡಿದವಳು ನಾನು. ತುಂಬಿದ ಬಸುರಿ ಬಿಸಿಲಲ್ಲಿ ನಡೆದು ಬಂದರೆ ಗಂಡ ಹೋಟೆಲ್ ಮುಂದೆ ಚಹಾ ಕುಡಿಯುತ್ತ ಕೂತಿರುತ್ತಿದ್ದ. ಬರಲಿ ಈಗ, ಒಬ್ಬೊಬ್ಬರನ್ನೂ ಬೆಂಚಿನ ಮೇಲೆ ಕೂರಿಸುತ್ತೇನೆ ಎಂದುಕೊಂಡೆ.

ಬಂದರು. ಆದರೆ ಬಂದ ರೀತಿಯೇ ಬೇರೆ. ಹೆಂಡತಿಗಿಂತ ಹತ್ತು ಮಾರು ಮುಂದೆ ನಡೆದು, ಯಾರೋ ಏನೋ ಎಂಬಂತೆ ಹೊರಗೆ ಬೇವಿನ ಮರದ ಕೆಳಗೆ ನಿಲ್ಲುವುದು. ಒಳಗೆ ಕರೆದರೆ 'ನನಗೇನಾಗೈತ್ರಿ, ಆಕಿನ್ನ ನೋಡ್ರಿ' ಎನ್ನುವುದು. ಒಬ್ಬನಂತೂ ಹತ್ತಿ ಹೊಲಕ್ಕೆ ಔಷಧಿ ಹೊಡೆಯುವುದಿದೆ ಎಂದು ತಮ್ಮನನ್ನು ಕಳಿಸಿದ. ತಮ್ಮ ಗಂಭೀರವಾಗಿ ಕೂತು ಎಲ್ಲವನ್ನೂ ಕೇಳಿ ಕಾರ್ಡು ಮುಂದೆ ಹಿಡಿದ. ನಾನು ಹೆಸರು ಕೇಳಿದೆ. ಅವನು ಅಣ್ಣನ ಹೆಸರು ಹೇಳಿದ. ಪಕ್ಕದಲ್ಲಿದ್ದ ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದರಿಂದ ಸಿಕ್ಕಿಬಿದ್ದ. ಅವತ್ತಿನಿಂದ ನಾನು ಬಿಗಿಯಾದೆ. ಗಂಡ ಬರದೆ ಮುದ್ರೆ ಇಲ್ಲ, ಮುದ್ರೆ ಇಲ್ಲದೆ ಪ್ಯಾಕೆಟ್ಟು ಇಲ್ಲ. ಆಶಾ ಕಾರ್ಯಕರ್ತೆ ರಾಮಲಕ್ಷ್ಮಿ ತೆಲುಗು ಮನೆಯವಳು, ಮೆತ್ತಗಿನ ಹುಡುಗಿ. 'ಪೋನೀಲೆ ಅಕ್ಕಾ, ಬಿಡ್ರಿ, ಇಷ್ಟು ಗಟ್ಟಿ ಆಗಬ್ಯಾಡ್ರಿ' ಎಂದು ಒಂದೆರಡು ಸಲ ಹೇಳಿದಳು. ನಾನು ಕೇಳಲಿಲ್ಲ.

ಆ ಕಾಲಕ್ಕೆ ನನಗೆ ದೊಡ್ಡ ನೆರವಾದವನು ಕಟಿಂಗ್ ಶಾಪಿನ ತಿಮ್ಮಪ್ಪ. ನಮ್ಮ ಕಡೆ ಹೆಂಡತಿ ಬಸುರಿಯಾದರೆ ಗಂಡ ಕೂದಲಿಗೆ, ಗಡ್ಡಕ್ಕೆ ಕತ್ತರಿ ಮುಟ್ಟಿಸುವುದಿಲ್ಲ. ತೆಂಗಿನಕಾಯಿ ಒಡೆಯುವುದಿಲ್ಲ, ಹೆಣಕ್ಕೆ ಹೆಗಲು ಕೊಡುವುದಿಲ್ಲ. ಹುಡುಗಿಯರು ಮೂರು ನಾಲ್ಕು ತಿಂಗಳು ನಾಚಿಕೆಯಿಂದ ಯಾರಿಗೂ ಹೇಳದೆ ಇರುತ್ತಿದ್ದರು. ತಿಮ್ಮಪ್ಪನಿಗೆ ಮಾತ್ರ ಎರಡನೇ ತಿಂಗಳಿಗೇ ಗೊತ್ತಾಗುತ್ತಿತ್ತು.

'ಏಮಮ್ಮಾ ಸಿಸ್ಟರ್, ನಿಮ್ಮ ರಿಜಿಸ್ಟರ್ ಭಾಳ ಸ್ಲೋ ಐತಿ' ಎಂದು ಅಂಗಡಿಯ ಮುಂದೆ ಹೋಗುವಾಗ ಕೂಗುತ್ತಿದ್ದ. 'ಕೆಳಗಿನ ಓಣಿ ನಾಗರಾಜ ಎರಡು ಸಲ ನನ್ನ ಅಂಗಡಿ ದಾಟಿ ಹೋದ, ಒಳಗ ಬರಲಿಲ್ಲ. ಹೋಗಿ ಬರಕೋರಿ.'

ಹೋಗಿ ನೋಡಿದರೆ ನಿಜ. ಹೀಗೆ ಅವನ ಕುರ್ಚಿಯಿಂದಲೇ ಎಷ್ಟೋ ಹೆಸರುಗಳು ನನ್ನ ರಿಜಿಸ್ಟರಿಗೆ ಬಂದವು. ಈ ಗಡ್ಡ ಬಿಡುವುದನ್ನು ನಾನು ಮೂಢನಂಬಿಕೆ ಎಂದು ಗೇಲಿ ಮಾಡುತ್ತಿದ್ದೆ, ಅದರಿಂದಲೇ ಕೆಲಸವನ್ನೂ ಮಾಡಿಸಿಕೊಳ್ಳುತ್ತಿದ್ದೆ. ಅದಕ್ಕಿಂತ ಹೆಚ್ಚಿಗೆ ಅದರ ಬಗ್ಗೆ ಯೋಚಿಸಿರಲಿಲ್ಲ.

ಸುಂಕಮ್ಮನ ಹೆಸರೂ ಹಾಗೇ ಬಂದದ್ದು. ಇಪ್ಪತ್ತೆರಡು ವರ್ಷದ ತೆಳ್ಳನೆಯ ಹುಡುಗಿ. ಮೊದಲನೇ ಕೂಸು ತವರಿನಲ್ಲಿ ಹುಟ್ಟುವಾಗಲೇ ಹೋಗಿತ್ತು. ಅದಕ್ಕೇ ಈ ಸಲ ತವರಿಗೆ ಕಳಿಸದೆ ಅತ್ತೆ ಹನುಮಕ್ಕ ತನ್ನ ಬಳಿಯೇ ಇಟ್ಟುಕೊಂಡಿದ್ದಳು. ಗಂಡ ಬೀರಪ್ಪ ಕುರಿಗಾರ. ಮಳೆ ಹಿಡಿದರೆ ಕರಿಮಣ್ಣಿನ ಕೆಸರಿನಲ್ಲಿ ಕುರಿಗಳ ಗೊರಸು ಕೊಳೆಯುತ್ತದೆ ಎಂದು ಮಂದೆಯನ್ನು ಗುಡ್ಡದ ಕಡೆ ಹೊಡೆದುಕೊಂಡು ಹೋಗಿದ್ದ. ಹೊಳೆಯ ಕಡೆ ಭತ್ತ ಕೊಯ್ದ ಮೇಲೆ ಅಲ್ಲಿಗೆ. ಅಲ್ಲಿಂದ ಮನೆಗೆ ಬರುವುದು ಯಾವಾಗ ಎಂಬುದು ಕುರಿಗಳಿಗೇ ಗೊತ್ತು.

ಗಣೇಶನ ಹಬ್ಬ ಕಳೆದ ಮೇಲಿನ ತಪಾಸಣೆಗೆ ಸುಂಕಮ್ಮ ಅತ್ತೆಯ ಜೊತೆ ಬಂದಳು. ಆಗ ಅವಳಿಗೆ ಐದನೇ ತಿಂಗಳು, ರಕ್ತ ಕಡಿಮೆ ಇತ್ತು. ಮಾತ್ರೆ ಕೊಟ್ಟೆ. ಮುಂದಿನವರಿಗೆ ಪ್ಯಾಕೆಟ್ಟು ಕೊಟ್ಟದ್ದನ್ನು ನೋಡಿ ಅವಳೂ ಬಂದು ನಿಂತು ಸೆರಗು ಒಡ್ಡಿದಳು. ಕೈಯಲ್ಲಿದ್ದ ಪ್ಯಾಕೆಟ್ಟನ್ನು ಕೊಡಲು ಹೋದವಳು ಕಾರ್ಡು ನೋಡಿದೆ. ಒಂದೂ ಮುದ್ರೆ ಇರಲಿಲ್ಲ.

'ಗಂಡ ಎಲ್ಲಿ?'

'ಕುರಿ ಹಿಂದ ಹೋಗ್ಯಾನ್ರಿ' ಎಂದಳು ಹನುಮಕ್ಕ. 'ನಾ ಬಂದೀನಲ್ಲ.'

'ನೀನೇನು ಬಸುರು ಮಾಡಿದಿಯಾ? ಮಾಡಿದವನು ಬರಬೇಕು. ಎಲ್ಲಾರಿಗೂ ಒಂದಾ ರೂಲು' ಎಂದು ಹೇಳಿ ಪ್ಯಾಕೆಟ್ಟನ್ನು ಕಪಾಟಿನೊಳಗೆ ವಾಪಸ್ಸು ಇಟ್ಟೆ.

ಬೆಂಚಿನ ಮೇಲಿದ್ದ ಹೆಂಗಸರು ನಕ್ಕರು. ಸುಂಕಮ್ಮ ಒಡ್ಡಿದ ಸೆರಗನ್ನು ಹಾಗೇ ಹಿಡಿದುಕೊಂಡು ಒಂದು ಗಳಿಗೆ ನಿಂತಳು. ಆಮೇಲೆ ಅದನ್ನು ಮಡಚಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದಳು. ಹನುಮಕ್ಕ ಬಾಗಿಲಲ್ಲಿ ತಿರುಗಿ ನನ್ನನ್ನು ನೋಡಿದ ನೋಟ ಈಗಲೂ ನನಗೆ ಕಾಣುತ್ತದೆ.

ಒಂದು ಮಾತನ್ನು ಇಲ್ಲಿ ಮುಚ್ಚಿಡಬಾರದು. ಆದೇಶದ ಕಾಗದದ ಕೊನೆಯಲ್ಲಿ, ಗಂಡ ದುಡಿಯಲು ಪರಸ್ಥಳಕ್ಕೆ ಹೋಗಿದ್ದರೆ ಮನೆಯ ಹಿರಿಯರು ಯಾರು ಬಂದರೂ ನಡೆಯುತ್ತದೆ ಎಂಬ ಒಂದು ಸಾಲು ಇತ್ತು. ನಾನು ಅದನ್ನು ಓದಿದ್ದೆ. ಅದನ್ನು ಹೇಳಿದರೆ ಎಲ್ಲರೂ ಅದನ್ನೇ ಹಿಡಿದುಕೊಳ್ಳುತ್ತಾರೆ, ಒಬ್ಬ ಗಂಡಸೂ ಬರುವುದಿಲ್ಲ ಎಂದು ಸುಮ್ಮನಿದ್ದೆ. ಮುದ್ರೆಗಳ ಲೆಕ್ಕದಲ್ಲಿ ನಮ್ಮ ಕೇಂದ್ರವೇ ಮುಂದಿತ್ತು. ಆ ಹಮ್ಮೂ ಇತ್ತು.

ಮುಂದಿನ ತಿಂಗಳು ಸುಂಕಮ್ಮ ಬರಲಿಲ್ಲ. ಹತ್ತಿ ಬಿಡಿಸುವ ಕೆಲಸ ಶುರುವಾಗಿತ್ತು, ಹೊಲಕ್ಕೆ ಹೋಗಿರಬೇಕು ಎಂದುಕೊಂಡೆ. ದೀಪಾವಳಿ ಆದ ಮೇಲೆಯೂ ಬರಲಿಲ್ಲ. ರಾಮಲಕ್ಷ್ಮಿ ಮನೆಗೆ ಹೋಗಿ ಬಂದವಳು ನೇರವಾಗಿ ನನ್ನ ಮೇಜಿನ ಮುಂದೆ ನಿಂತು, 'ಅಕ್ಕಾ, ಆಕಿ ಮಕ ಸುಣ್ಣ ಸುಣ್ಣ ಆಗೈತಿ. ಕಾಲು ಬಾತಾವ. ಮಾತ್ರಿ ಮುಗಿದು ತಿಂಗಳ ಮ್ಯಾಲಾತಂತ' ಎಂದಳು.

ಕೂಡಲೇ ಹೋದೆ. ಸುಂಕಮ್ಮ ಗೋಡೆಗೆ ಒರಗಿ ಕೂತಿದ್ದಳು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಕೆಂಪೇ ಇರಲಿಲ್ಲ. ಬೆರಳು ಚುಚ್ಚಿ ನೋಡಿದರೆ ಹನ್ನೊಂದಾದರೂ ಇರಬೇಕಾದ ರಕ್ತ ಆರಕ್ಕೆ ಇಳಿದಿತ್ತು. ಏಳನೇ ತಿಂಗಳಲ್ಲಿ ಆರು ಎಂದರೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ತಾಯಿ ಉಳಿಯುವುದು ಕಷ್ಟ. ಆದೋನಿಯ ದೊಡ್ಡಾಸ್ಪತ್ರೆಗೆ ಹೋಗಿ ರಕ್ತ ಹಾಕಿಸಲೇಬೇಕು, ಗಾಡಿ ತರಿಸುತ್ತೇನೆ ಎಂದೆ.

ಹನುಮಕ್ಕ ಬಾಗಿಲಿಗೆ ಅಡ್ಡ ಕೂತಳು. 'ನನ್ನ ಮಗ ಬರದ ಈಕಿನ್ನ ಎಲ್ಲಿಗೂ ಕಳಸಲ್ಲ. ಮೊದಲ್ನೇದು ಹೋದಾಗ ಅವ ಇರಲಿಲ್ಲ. ಈಗ ಈಕಿಗೂ ಏನಾರ ಆದರ ಅವನಿಗೆ ನಾ ಏನಂತ ಹೇಳಲಿ?'

'ಅವ್ವಾ, ಅವ ಬರೋ ತನಕ ಕಾಯೋ ಕೆಲಸ ಅಲ್ಲ ಇದು.'

'ಗಂಡ ಬರಬೇಕು ಅಂದವರು ನೀವಾ ಅಲ್ಲೇನ್ರಿ? ಎಲ್ಲಾರ ಮುಂದ ಅಂದ್ರಿ. ಬರಲಿ ಹಂಗಾರ. ಬಂದಾ ಹೋಗಲಿ.'

ಸುಂಕಮ್ಮನನ್ನು ನೋಡಿದೆ. ಅವಳು ನನ್ನ ಕಡೆ ನೋಡದೆ, 'ಅತ್ತಿ ಹೇಳಿದಂಗರಿ' ಎಂದಷ್ಟೇ ಅಂದಳು.

ಬೀರಪ್ಪನ ಫೋನಿಗೆ ಹತ್ತು ಸಲ ಹಚ್ಚಿದೆವು, ಸ್ವಿಚಾಫ್. ಎಲ್ಲಿದ್ದಾನೆ ಎಂದು ಮನೆಯವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೊನೆಗೆ ತಿಮ್ಮಪ್ಪನೇ ದಿಕ್ಕಾದ. ಹಿಂದಿನ ದಿನ ಇನ್ನೊಂದು ಕುರಿಮಂದೆಯಿಂದ ಜೋಳ ಒಯ್ಯಲು ಬಂದಿದ್ದ ಒಬ್ಬಾತ ಅವನ ಕುರ್ಚಿಯಲ್ಲಿ ಕೂತು ಮಾತಾಡಿದ್ದನಂತೆ. 'ನಾಗಲದಿನ್ನಿ ಹೊಳಿ ದಂಡ್ಯಾಗ ಅದಾರ. ಭತ್ತ ಕೊಯ್ದ ಗದ್ದ್ಯಾಗ ಕುರಿಮಂದಿ ಹಾಕ್ಯಾರ' ಎಂದ. ಮಾರನೇ ದಿನ ಬೆಳಗಿನ ಮೊದಲ ಬಸ್ಸಿಗೆ ರಾಮಲಕ್ಷ್ಮಿಯನ್ನು ಕರೆದುಕೊಂಡು ಹೊರಟೆ. ಆಲೂರು, ಆದೋನಿ, ಎಮ್ಮಿಗನೂರು, ನಂದವರಂ. ಬಂಗಾಳಕೊಲ್ಲಿಯಲ್ಲಿ ಏನೋ ವಾಯುಭಾರ ಎಂದು ದಾರಿಯುದ್ದಕ್ಕೂ ಸೋನೆ ಮಳೆ. ಬಿಡಿಸದೆ ಉಳಿದ ಹತ್ತಿ ಹೊಲಗಳಲ್ಲಿ ನೆನೆದು ಜೋತುಬಿದ್ದಿತ್ತು.

ತುಂಗಭದ್ರೆಯ ದಂಡೆಗೆ ಗದ್ದೆಯ ಬದುಗಳ ಮೇಲೆ ಜಾರುತ್ತ ನಡೆದೆವು. ದೂರದಲ್ಲಿ ಮಂದೆ ಕಾಣಿಸಿತು. ಕೋಲು ಹಿಡಿದು ನಿಂತಿದ್ದ ಒಬ್ಬ ನಮ್ಮನ್ನು ನೋಡಿದ, ನನ್ನ ಸೀರೆಯ ಬಣ್ಣ ನೋಡಿದ, ಕೋಲು ಬಿಟ್ಟು ಕೆಸರಿನಲ್ಲಿ ಓಡಿ ಬಂದ. ಹೆಗಲವರೆಗೆ ಕೂದಲು, ಎದೆಗೆ ಬರುವ ಗಡ್ಡ. ನಾನು ಗುರುತಿಸುವ ಮೊದಲೇ ಅವನು ಕೇಳಿದ.

'ಅದಾಳೇನ್ರಿ?'

ಇಪ್ಪತ್ತು ವರ್ಷದಲ್ಲಿ ಯಾವ ಗಂಡಸೂ ನನ್ನನ್ನು ಹಾಗೆ ಕೇಳಿರಲಿಲ್ಲ. 'ಅದಾಳಪ್ಪ, ಅದಾಳ' ಎಂದೆ. ಅವನು ಅಲ್ಲೇ ಬದುವಿನ ಮೇಲೆ ಕುಕ್ಕರಿಸಿ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಸುಧಾರಿಸಿಕೊಂಡ ಮೇಲೆ ಅವನೇ ಮಾತಾಡಿದ. 'ಈ ಸಲ ಬ್ಲೇಡು ಮುಟ್ಟಿಸಿಲ್ರಿ. ಏಳು ಅಮಾಸಿ ಆದುವು. ಕಾಯಿನೂ ಒಡಿದಿಲ್ಲ. ಹಿಂದಿನ ಸಲ ತಮ್ಮನ ಮದಿವ್ಯಾಗ ಎಲ್ಲಾರು ಕೂಡಿ ಬ್ಯಾಡ ಅಂದರೂ ಕುಂದ್ರಿಸಿ ಬೋಳಿಸಿದ್ರು. ಕೂಸು ಹೋತು. ಅದು ನನ್ನ ತಪ್ಪರಿ. ಆಕಿ ಇವತ್ತಿಗೂ ನನಗ ಒಂದು ಮಾತು ಅಂದಿಲ್ಲ.'

ಹಾಗಲ್ಲ, ಕೂದಲಿಗೂ ಕೂಸಿಗೂ ಸಂಬಂಧವಿಲ್ಲ ಎಂದು ನಾನು ಯಾವ ಸಭೆಯಲ್ಲಾದರೂ ಪಟಪಟನೆ ಹೇಳುತ್ತಿದ್ದೆ. ಅಲ್ಲಿ ಅದನ್ನು ಹೇಳಲಿಲ್ಲ. ನನ್ನ ರಿಜಿಸ್ಟರಿನಲ್ಲಿ ಅವನ ಹೆಸರಿನ ಮುಂದೆ ಖಾಲಿ ಚೌಕಗಳು. ಅವನು ಗುಡ್ಡದಲ್ಲಿ, ಹೊಳೆ ದಂಡೆಯಲ್ಲಿ ದಿನಾ ಬೆಳಗಾದರೆ ತನಗೆ ತಿಳಿದ ರೀತಿಯಲ್ಲಿ ಹೆಂಡತಿಯ ಬಸುರನ್ನು ಕಾಯುತ್ತಿದ್ದ. ನನಗೆ ಬಹಳ ನಾಚಿಕೆಯಾಯಿತು. ಆದರೂ ನಾಚಿಕೆಪಡುತ್ತ ಕೂರುವ ಹೊತ್ತಾಗಿರಲಿಲ್ಲ.

'ಗಡ್ಡ ಬಿಟ್ಟಿ, ಚೊಲೊ ಆತು' ಎಂದೆ. 'ಆದರ ಆಕಿ ಮೈಯಾಗ ರಕ್ತ ಇಲ್ಲ ಬೀರಪ್ಪ. ಗಡ್ಡದಿಂದ ರಕ್ತ ಬರಲ್ಲ. ಈಗ ನೀನಾ ಬರಬೇಕು.'

ಅವನು ಕೂಡಲೇ ಎದ್ದ. ಮಂದೆಯನ್ನು ಸೋದರಮಾವನಿಗೆ ಒಪ್ಪಿಸಿ, ಕುಂಟುತ್ತಿದ್ದ ಒಂದು ಮರಿಯ ಕಾಲಿಗೆ ಔಷಧಿ ಹಚ್ಚುವುದನ್ನು ಎರಡು ಸಲ ಹೇಳಿ, ಕಂಬಳಿ ಹೊದ್ದು ನಮ್ಮ ಹಿಂದೆ ಬಂದ. ಬಸ್ಸಿನಲ್ಲಿ ಅವನ ಪಕ್ಕ ಕೂತವರೆಲ್ಲ ಮೂಗು ಹಿಡಿದುಕೊಂಡು ಎದ್ದು ಹೋದರು. ನಾನು ಹೋಗಿ ಕೂತೆ. ಅವನ ಫೋನಿನಿಂದ ಹಚ್ಚಿದರೆ ಹನುಮಕ್ಕ ನಂಬುತ್ತಾಳೆ ಎಂದು ಎಮ್ಮಿಗನೂರಿನ ಹೋಟೆಲಿನಲ್ಲಿ ಅದನ್ನು ಚಾರ್ಜಿಗೆ ಹಾಕಿಸಿ ಮಾತಾಡಿಸಿದೆ. ಮಗನ ದನಿ ಕೇಳಿದ ಮೇಲೆ ಅವಳು ಬಾಗಿಲು ಬಿಟ್ಟಳು. ನಾವು ಆದೋನಿ ಮುಟ್ಟುವ ಹೊತ್ತಿಗೆ, ನಾನು ಫೋನಿನಲ್ಲೇ ಹೇಳಿ ಕಳಿಸಿದ ಆಸ್ಪತ್ರೆ ಗಾಡಿ ಸುಂಕಮ್ಮನನ್ನು ಅಲ್ಲಿಗೆ ತಂದಿತ್ತು.

ಆಸ್ಪತ್ರೆಯಲ್ಲಿ ರಕ್ತ ಕೊಡಲು ಮಲಗಿದಾಗ ಸೂಜಿ ನೋಡಿ ಬೀರಪ್ಪ ಕೈ ಹಿಂದಕ್ಕೆ ಎಳೆದುಕೊಂಡ. ಹೆದರಿದ ಎಂದುಕೊಂಡೆ. 'ಅಕ್ಕಾ, ಇದು ಬ್ಲೇಡಿನಂಗ ಅಲ್ಲಲ್ಲ? ನನಗ ಇದು ಮುಟ್ಟಿದರ ಆಕಿಗೆ ಏನೂ ಆಗಲ್ಲಲ್ಲ?' ಎಂದು ಮೆಲ್ಲಗೆ ಕೇಳಿದ. ಇಲ್ಲ ಎಂದೆ. 'ನೀವು ಹೇಳಿದ್ರ ಸೈ' ಎಂದು ಕೈ ಚಾಚಿದ. ಅವನದು ಬೇರೆ ಗುಂಪಿನ ರಕ್ತ. ಅದನ್ನು ಇಟ್ಟುಕೊಂಡು ಸುಂಕಮ್ಮನಿಗೆ ಹೊಂದುವ ಬೇರೆಯದನ್ನು ಕೊಟ್ಟರು. ಅವನು ಮಾತ್ರ ಅವಳ ಮಂಚದ ಪಕ್ಕ ನಿಂತು, ಹನಿಹನಿಯಾಗಿ ಇಳಿಯುತ್ತಿದ್ದ ರಕ್ತವನ್ನು ತನ್ನದೇ ಎಂದು ನೋಡುತ್ತಿದ್ದ. ನಾನು ತಿದ್ದಲು ಹೋಗಲಿಲ್ಲ.

ಮುಂದಿನ ಎರಡು ತಪಾಸಣೆಗೂ ಬೀರಪ್ಪ ಮಂದೆ ಬಿಟ್ಟು ಬಂದ, ಮರದ ಕೆಳಗೆ ನಿಲ್ಲದೆ ಒಳಗೆ ಬಂದು ಕೂತ. ಅವನನ್ನು ನೋಡಿ ಉಳಿದವರೂ ಒಬ್ಬೊಬ್ಬರೇ ಒಳಗೆ ಬಂದರು. ನಾನೂ ನನ್ನ ಪಾಠ ಬದಲಿಸಿದೆ. ನಿಮಗೆ ಕಾಳಜಿ ಇಲ್ಲ ಎಂದು ಬೈಯುವುದನ್ನು ಬಿಟ್ಟು, ಗಡ್ಡ ಬಿಟ್ಟಿದ್ದೀರಿ, ಸರಿ, ಅದರ ಜೊತೆಗೆ ಆಕೆ ಮಾತ್ರೆ ನುಂಗಿದಳೋ ಇಲ್ಲವೋ ಅದನ್ನೂ ನೋಡಿ, ನೀರಿನ ಕೊಡವನ್ನೂ ಹೊರಿ ಎಂದು ಹೇಳತೊಡಗಿದೆ. ಪರಸ್ಥಳದಲ್ಲಿರುವವರ ಮನೆಯ ಹಿರಿಯರು ಬಂದರೂ ಮುದ್ರೆ ಹಾಕಿದೆ. ತಿಮ್ಮಪ್ಪ ಬಸುರಿಯರ ಆಹಾರದ ಚಾರ್ಟನ್ನು ನನ್ನಿಂದ ಇಸಕೊಂಡು ತನ್ನ ಕನ್ನಡಿಯ ಪಕ್ಕ ಅಂಟಿಸಿದ. ಗಡ್ಡದವರು ಅಂಗಡಿಯ ಮುಂದೆ ಹಾಯ್ದರೆ, 'ಗಡ್ಡ ಆತು, ಚೆಕಪ್ ಆತೇನಲೇ?' ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ.

ಸಂಕ್ರಾಂತಿ ಹೊತ್ತಿಗೆ ಆದೋನಿಯಲ್ಲಿ ಸುಂಕಮ್ಮನಿಗೆ ಹೆಣ್ಣು ಕೂಸು ಹುಟ್ಟಿತು. ತಾಯಿ, ಕೂಸು ಇಬ್ಬರೂ ಗಟ್ಟಿ. ತಿಂಗಳಾದ ಮೇಲೆ ಒಬ್ಬ ಚೊಕ್ಕ ಮುಖದ ಹುಡುಗ ಬಂದು ನನ್ನ ಮೇಜಿನ ಮುಂದೆ ಹಲ್ಲು ಕಿರಿಯುತ್ತ ನಿಂತಾಗ, ಯಾರಪ್ಪ ನೀನು ಎಂದು ಕೇಳಿಬಿಟ್ಟೆ. ಬೀರಪ್ಪ! ಗಡ್ಡದ ಒಳಗೆ ಇಷ್ಟು ಎಳೆಯ ಮುಖ ಇತ್ತೇ ಎಂದು ರಾಮಲಕ್ಷ್ಮಿಯೂ ನಾನೂ ನಕ್ಕದ್ದೇ ನಕ್ಕದ್ದು.

ಈ ಸುದ್ದಿ ಮೇಲಿನವರಿಗೆ ಮುಟ್ಟಿತು. ಹೊಳೆ ದಂಡೆಗೆ ಹೋಗಿ ಗಂಡನನ್ನು ಕರೆತಂದ ನರ್ಸು ಎಂದು ಒಂದು ಸಭೆಯಲ್ಲಿ ನನಗೆ ಶಾಲು ಹೊದಿಸಿದರು. ಹೊದಿಸಿಕೊಂಡೆ. ಕಪಾಟಿನೊಳಗೆ ವಾಪಸ್ಸು ಇಟ್ಟ ಪ್ಯಾಕೆಟ್ಟಿನ ಮಾತನ್ನು ಅಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಸುಂಕಮ್ಮ ಕೂಸಿಗೆ ಲಸಿಕೆ ಹಾಕಿಸಲು ಬರುತ್ತಿದ್ದಳು, ನಗುತ್ತಿದ್ದಳು, ಆ ದಿನದ ಮಾತು ಎತ್ತುತ್ತಿರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಿರುವಾಗಲೇ ಯುಗಾದಿಯ ನಂತರ ನನಗೆ ಆದೋನಿಗೆ ವರ್ಗವಾಯಿತು. ಎಲ್ಲರ ಎದುರಿಗೆ ಮಾಡಿದ್ದನ್ನು ಒಬ್ಬಳ ಎದುರಿಗೂ ಒಪ್ಪಿಕೊಳ್ಳದೆ ಬಂದುಬಿಟ್ಟೆ.

ಈಗ ಬಸ್ಸು ಆ ಊರ ಮುಂದೆ ನಿಂತಾಗ ಯೋಚಿಸದೆ ಇಳಿದೆ. ಚಿಪ್ಪಗಿರಿಯ ಸಹಿ ಮಧ್ಯಾಹ್ನವಾದರೂ ಆದೀತು. ಉಪಕೇಂದ್ರದ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಇತ್ತು, ತಪಾಸಣೆಯ ದಿನ. ಹೊಸ ನರ್ಸು ಚಿಕ್ಕ ಹುಡುಗಿ. ಗಂಡಂದಿರ ಕಾರ್ಡು ಈಗ ಇಲ್ಲವಂತೆ. ಅದು ನಿಂತು ಎರಡು ವರ್ಷವಾಯಿತು, ಮುದ್ರೆಯೂ ಇಲ್ಲ, ಪ್ಯಾಕೆಟ್ಟೂ ಇಲ್ಲ ಎಂದಳು.

ಒಳಗಿನ ಬೆಂಚಿನ ಮೇಲೆ ಹೆಂಗಸರ ನಡುವೆ ಒಬ್ಬ ಗಂಡಸು ಕೂತಿದ್ದ. ತೊಡೆಯ ಮೇಲೆ ನಾಲ್ಕು ವರ್ಷದ ಹುಡುಗಿ, ಕೈಯಲ್ಲಿ ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಫೈಲು. ಕಿವಿ ಮುಚ್ಚುವಷ್ಟು ಕೂದಲು, ಗಡ್ಡ ಇನ್ನೂ ಕೊರಳು ದಾಟಿರಲಿಲ್ಲ.

'ಎಷ್ಟನೇ ತಿಂಗಳು ಬೀರಪ್ಪ?' ಎಂದೆ.

'ನಾಕು ನಡದೈತ್ರಿ ಅಕ್ಕಾ' ಎಂದು ಎದ್ದು ನಿಂತು ನಾಚಿಕೊಂಡ. 'ರಕ್ತ ಹನ್ನೊಂದು ಐತಿ. ನಾನಾ ದಿನಾ ಮಾತ್ರಿ ನುಂಗಸ್ತೀನಿ.'

ತೂಕ ನೋಡಿಸಿಕೊಂಡು ಸುಂಕಮ್ಮ ಬಂದಳು. ಮೈ ತುಂಬಿಕೊಂಡಿದ್ದಳು. ನಾನು ಚೀಲದಿಂದ ಖರ್ಜೂರ ತೆಗೆದೆ.

'ಇದೇನ್ರಿ ಅಕ್ಕಾ?'

'ಆವತ್ತು ಕಪಾಟಿನಾಗ ವಾಪಸ್ ಇಟ್ಟೆನಲ್ಲವ್ವ, ಅದು. ನಿನಗ ಕೊಡಬೇಕಾಗಿತ್ತು. ಎಲ್ಲಾರ ಮುಂದ ಹಂಗ ಅನ್ನಬಾರದಿತ್ತು. ತಪ್ಪು ನಂದು' ಎಂದೆ, ಬೆಂಚಿನ ಮೇಲಿದ್ದವರಿಗೆಲ್ಲ ಕೇಳುವ ಹಾಗೆ.

ಯಾವತ್ತು ಎಂದು ಅವಳು ಕೇಳಲಿಲ್ಲ. ಹೆಗಲ ಮೇಲಿನ ಸೆರಗು ತೆಗೆದು, ಎರಡೂ ಕೈಯಿಂದ ಅಗಲ ಮಾಡಿ ಒಡ್ಡಿದಳು.